ಸರ್ವರಿನಲ್ಲಿ ಕಾಣೆಯಾದ ಜಾಗ

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವಷ್ಟರಲ್ಲೇ ಫೋನ್ ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಗಳಿಗೆ ರಕ್ತಪರೀಕ್ಷೆಯ ವರದಿ ತಲುಪಿಸುವ, ಎಲ್ಲೋ ದೂರದೂರಿನಲ್ಲಿರುವ ಸರ್ವರ್ ಮುಷ್ಕರ ಹೂಡಿತ್ತು. ಪರದೆಯ ಮೇಲೆ ಒಂದೇ ಮಾತು — ಡಿಸ್ಕ್ ತುಂಬಿದೆ.

ಯಜಮಾನರ ಕಣ್ಣು ನೇರ ಹೊಸಬಳ ಮೇಲೆ ಬಿತ್ತು. ಮಗು ಹುಟ್ಟಿದ ಮೇಲೆ ವರ್ಷಗಟ್ಟಲೆ ಮನೆಯಲ್ಲಿದ್ದು ಕೆಲಸಕ್ಕೆ ಮರಳಿದವಳು. ಅವಳ ಮೊದಲ ಪ್ರೋಗ್ರಾಂ ನಿನ್ನೆ ತಾನೇ ಆ ಸರ್ವರ್ ಸೇರಿತ್ತು. ಇನ್ಯಾರನ್ನು ಹಿಡಿಯುವುದು? ತಪ್ಪು ಅವಳದಾಗಿದ್ದರೆ ನಾಳೆಯಿಂದ ಬರುವುದು ಬೇಡ ಎಂದು ಎಲ್ಲರೆದುರೇ ಹೇಳಿಬಿಟ್ಟರು. ಅವಳ ಪರ ಮಾತಾಡಿದವರು ಒಬ್ಬರೇ — ವಯಸ್ಸಿನಲ್ಲಿ ಹಿರಿಯರಾದ್ದರಿಂದ ಇಡೀ ಕಚೇರಿಗೆ ದೊಡ್ಡಪ್ಪನಾದವರು. ಅವಳು ತನ್ನ ಪ್ರೋಗ್ರಾಂ ನಿಲ್ಲಿಸಿ ನೋಡಿದಳು. ಜಪ್ಪಯ್ಯ ಅಂದರೂ ಡಿಸ್ಕಿನಲ್ಲಿ ಜಾಗ ಆಗಲಿಲ್ಲ.

ಕೊನೆಗೆ ಯಜಮಾನರ ಅಕ್ಕ ಬಂದು ಕುರ್ಚಿ ಎಳೆದುಕೊಂಡರು. ಸಂಸ್ಥೆ ತಮ್ಮನದೇ, ಆದರೆ ಸರ್ವರ್ ಕೈಕೊಟ್ಟಾಗ ಅಕ್ಕನ ಮಾತೇ ಮಾತು. ಕಪ್ಪು ಕನ್ಸೋಲ್ ಪರದೆಯಲ್ಲಿ ಎರಡು ಆಜ್ಞೆ ಕೊಟ್ಟು ನೋಡಿದರು.

“ಡಿಸ್ಕ್ ಪೂರ್ತಿ ತುಂಬಿದೆ ಅನ್ನುತ್ತೆ. ಇರೋ ಫೈಲೆಲ್ಲ ಕೂಡಿದ್ರೆ ಅರ್ಧಾನೂ ಆಗಲ್ಲ. ಉಳಿದಿದ್ದು ಎಲ್ಲಿ?”

“ಇವಳ ಪ್ರೋಗ್ರಾಂ ನುಂಗಿರಬೇಕು—” ಎಂದರು ಯಜಮಾನರು.

“ಅದು ನಿಂತಿದೆಯಲ್ಲೋ. ನಿಂತ ಮೇಲಾದ್ರೂ ಜಾಗ ವಾಪಸ್ ಬಂತಾ?”



ಓಡುತ್ತಿರುವ ಪ್ರೋಗ್ರಾಂಗಳು ಯಾವ ಯಾವ ಫೈಲು ಹಿಡಿದುಕೊಂಡಿವೆ ಎಂದು ಅಕ್ಕ ಸರ್ವರನ್ನೇ ಕೇಳಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಯಜಮಾನರೇ ಹಿಂದೆ ಬರೆದ ಹಳೆಯ ಪ್ರೋಗ್ರಾಂ. ಅದು ಹಿಡಿದಿದ್ದು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಭಾರೀ ಲಾಗ್ ಫೈಲ್. ಪಕ್ಕದಲ್ಲೇ ‘ಅಳಿಸಲಾಗಿದೆ’ ಎಂಬ ಗುರುತು!

“ಅಳಿಸಿದ್ರೆ ಹೆಸರು ಹೋಗುತ್ತೆ, ಅಷ್ಟೆ. ಪ್ರೋಗ್ರಾಂ ಹಿಡಿತ ಬಿಡೋ ತನಕ ಜಾಗ ಬಿಡುಗಡೆ ಆಗಲ್ಲ. ರಾತ್ರಿಯೆಲ್ಲ ಲಂಗುಲಗಾಮಿಲ್ಲದೆ ಅದರಲ್ಲೇ ಬರೀತಾ ಇತ್ತು, ಯಾರ ಕಣ್ಣಿಗೂ ಬೀಳದೆ. ನಾವು ಹೊಸದನ್ನೇ ತಡಕಾಡಿದ್ವಿ, ಹಳೇದನ್ನ ಯಾರೂ ಮುಟ್ಟಲಿಲ್ಲ.” ಅಕ್ಕ ಹಿಂದಕ್ಕೆ ತಿರುಗಿದರು. “ಅಲ್ಲಿ ಫೈಲ್ ಅಳಿಸೋ ಅಧಿಕಾರ ಇರೋದು ಇಬ್ಬರಿಗೆ. ನಾನಂತೂ ಅಳಿಸಿಲ್ಲ. ದೊಡ್ಡಪ್ಪ?”

ದೊಡ್ಡಪ್ಪ ಕನ್ನಡಕ ತೆಗೆದರು.

“ನಾನೇ ಕಣಮ್ಮ. ನಿನ್ನೆ ಜಾಗ ಕಮ್ಮಿ ಇತ್ತು. ಈ ಮಗುವಿನ ಮೊದಲನೇ ಪ್ರೋಗ್ರಾಂ, ಇಕ್ಕಟ್ಟಾಗದಿರಲಿ ಅಂತ ಹಳೇ ಲಾಗ್ ಅಳಿಸಿದೆ. ಜಾಗ ಆಗಿರುತ್ತೆ ಅಂದ್ಕೊಂಡೆ, ತಿರುಗಿ ನೋಡಲಿಲ್ಲ.”

ಹೊಸಬಳಿಗೆ ಸಿಟ್ಟು ಬರಲಿಲ್ಲ. ತನ್ನ ಬಗ್ಗೆ ಇಷ್ಟು ಯೋಚಿಸಿದವರು ಇಲ್ಲಿ ಒಬ್ಬರಿದ್ದಾರೆ ಎಂದು ಕಣ್ಣು ತುಂಬಿ ಬಂತು.

ಅಕ್ಕ ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಹಳೆಯ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದವಳು ಅವಳೇ. ಡಿಸ್ಕ್ ಅರ್ಧಕ್ಕರ್ಧ ಖಾಲಿಯಾಯಿತು. ವರದಿಗಳು ಹೊರಟವು.

ಯಜಮಾನರು ಕೆಮ್ಮಿದರು. “ನಾಳೆ... ಬರ್ತೀಯಲ್ಲಮ್ಮ?”

“ಬರ್ತೀನಿ ಸರ್. ನಿಮ್ಮ ಪ್ರೋಗ್ರಾಂ ರಿಪೇರಿ ಮಾಡಬೇಕಲ್ಲ.”