ಇಂಜಿನಿಯರಮ್ಮನ ಎಡಗಾಲಿನ ಬೂಟು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ನನ್ನ ಎರಡು ಚಪ್ಪಲಿಯೂ ಎಡಗಾಲಿನವೇ ಆಗಿಹೋಗಲಿ. ಹೀಗೆ ಆಣೆ ಇಟ್ಟ ಮೇಲೆ ಸುಳ್ಳು ಹೇಳಲು ನನಗೇನು ಹುಚ್ಚೇ? ನಾಳೆ ನಾನೂ ನಡೆಯಬೇಕಲ್ಲ.

ಬಟಾಣಿಯ ಅಮ್ಮ ಬೂಟು ಹಾಕಿಕೊಂಡು ಕಲ್ಲಿನ ನೆಲದ ಮೇಲೆ ಒಂದು ಹೆಜ್ಜೆ ಇಟ್ಟಳು. ಸದ್ದು ಬರಲಿಲ್ಲ.

ಇನ್ನೊಂದು ಹೆಜ್ಜೆ ಇಟ್ಟಳು. ಅದಕ್ಕೂ ಬರಲಿಲ್ಲ.

ಗಾಜಿನ ಆಚೆ ಕೂತು ಸದ್ದು ರೆಕಾರ್ಡ್ ಮಾಡುವ ಹೆಡ್‌ಫೋನ್ ಮಾಮ ಗುಂಡಿ ತಿರುಗಿಸಿ ಸದ್ದು ಜಾಸ್ತಿ ಮಾಡಿದ. ಅಮ್ಮನ ಉಸಿರು ಕೇಳಿಸಿತು. ಅಮ್ಮನ ಹೊಟ್ಟೆಯೊಳಗೆ ಬೆಳಗಿನ ತಿಂಡಿ ಮಗ್ಗುಲು ಬದಲಾಯಿಸಿದ್ದೂ ಕೇಳಿಸಿತು. ಬೂಟಿನದು ಮಾತ್ರ ಕೇಳಿಸಲಿಲ್ಲ.

“ಅಕ್ಕಾ, ನಡೀತಿದೀರಾ, ತೇಲ್ತಿದೀರಾ?” ಅಂದ ಹೆಡ್‌ಫೋನ್ ಮಾಮ. “ಇಂಜಿನಿಯರಮ್ಮ ದೆವ್ವ ಆಗೋದು ಕತೇಲಿ ಇಲ್ವಲ್ಲ!”

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಬಟಾಣಿಗೆ ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆ ಬೂಟಿನ ಬಾಯಿ ಮುಚ್ಚಿಸಿದವಳು ಅವಳೇ.

ಬಟಾಣಿ ಐದನೇ ಕ್ಲಾಸು. ಮುಖ ಗುಂಡಗಿದೆ, ಅದಕ್ಕೇ ಆ ಹೆಸರು. ಅವಳ ಅಮ್ಮನ ಕೆಲಸ ಸಿನಿಮಾದಲ್ಲಿ ನಡೆಯುವುದು. ಹೀರೋಯಿನ್ ಪರದೆಯ ಮೇಲೆ ಬರೀ ಕಾಲು ಆಡಿಸುತ್ತಾಳೆ. ಆ ಕಾಲಿನ ಸದ್ದನ್ನು ಆಮೇಲೆ ಈ ಕೋಣೆಯಲ್ಲಿ ಹಾಕುತ್ತಾರೆ. ನೆಲದಲ್ಲಿ ಒಂದು ಕಡೆ ಕಲ್ಲು, ಒಂದು ಕಡೆ ಹಲಗೆ, ಒಂದು ಕಡೆ ಮರಳು. ಅಮ್ಮ ಪರದೆ ನೋಡುತ್ತಾ, ಹೀರೋಯಿನ್ ಕಾಲಿಟ್ಟಾಗ ತಾನೂ ಇಡುತ್ತಾಳೆ. ಒಂದು ಸಿನಿಮಾದಲ್ಲಂತೂ ಓಡುವ ರಾಣಿ, ಅಟ್ಟಿಸಿಕೊಂಡು ಬರುವ ಕಳ್ಳ, ಇಬ್ಬರಿಗೂ ಅಡ್ಡ ಬಂದ ಕೋಳಿ, ಮೂರೂ ಅಮ್ಮನೇ. ಕೋಳಿಯ ಪಾತ್ರವನ್ನು ಜನ ಬಹಳ ಮೆಚ್ಚಿಕೊಂಡರು.

ಇದನ್ನು ಬಟಾಣಿ ಕ್ಲಾಸಿನಲ್ಲಿ ಹೇಳಿದ್ದಳು. ಪಕ್ಕದಲ್ಲಿ ಕೂರುವವಳನ್ನು ಎಲ್ಲರೂ ‘ಲಾಯರ್’ ಅನ್ನುತ್ತಾರೆ. ಸೂರ್ಯ ಹುಟ್ಟಿದ ಅಂದರೂ ಅವಳಿಗೆ ಸಾಕ್ಷಿ ಬೇಕು.

“ಸಿನಿಮಾದಲ್ಲಿ ನಿಮ್ಮಮ್ಮನ ಮುಖ ಕಾಣುತ್ತಾ?”

“ಇಲ್ಲ.”

“ಕೈಯಾದ್ರೂ?”

“ಇಲ್ಲ. ಸದ್ದು ಮಾತ್ರ.”

“ಸದ್ದಿನ ಮೇಲೆ ಹೆಸರು ಬರೆದಿರುತ್ತಾ? ಕೇಸ್ ವಜಾ,” ಅಂದಿದ್ದಳು ಲಾಯರ್.

ಈಗಿನ ಸಿನಿಮಾದ ಹೀರೋಯಿನ್ ಒಬ್ಬ ಇಂಜಿನಿಯರಮ್ಮ. ಹೊಸ ಸೇತುವೆ ಬಿರುಕು ಬಿಟ್ಟಿದೆ, ಯಾರೂ ಹೋಗಬಾರದು ಅನ್ನುತ್ತಾಳೆ. ದೊಡ್ಡವರೆಲ್ಲ, “ಸುಮ್ನೆ ಸೈನ್ ಹಾಕಮ್ಮ,” ಅನ್ನುತ್ತಾರೆ. ಹಾಕುವುದಿಲ್ಲ. ಕೊನೆಗೆ ಉದ್ಘಾಟನೆಯ ದಿನ ಒಬ್ಬಳೇ ಆ ಸೇತುವೆಯ ಮೇಲೆ ನಡೆದುಹೋಗಿ, ಎದುರು ಬರುವ ಕಾರುಗಳ ಮುಂದೆ ನಿಲ್ಲುತ್ತಾಳೆ. ನಾಲ್ಕು ನಿಮಿಷ. ಮಾತಿಲ್ಲ, ಹಾಡಿಲ್ಲ, ಬರೀ ಹೆಜ್ಜೆ.

ಅವಳಿಗೆಂದು ಅಮ್ಮ ಹಳೆಯದೊಂದು ಜೊತೆ ಬೂಟು ಹುಡುಕಿಟ್ಟಿದ್ದಳು. ಎಡಗಾಲಿನ ಬೂಟಿನ ಹಿಮ್ಮಡಿ ಅರ್ಧ ಕಿತ್ತುಬಂದಿತ್ತು. ನಡೆದರೆ ‘ಟಕ್... ಟ-ಟಕ್’ ಅನ್ನುತ್ತಿತ್ತು. ಇಡೀ ಸಿನಿಮಾಕ್ಕೆ ಆ ಸದ್ದು ಹಾಕಿ ಆಗಿತ್ತು. ಕೊನೆಯ ಸೀನ್ ಒಂದೇ ಬಾಕಿ.

ಗುರುವಾರ ಅಮ್ಮ ಮನೆಗೆ ಬಂದಾಗ ಕಾಲಿನ ಹಿಮ್ಮಡಿಗೆ ಬ್ಯಾಂಡೇಜ್ ಹಾಕಿಕೊಂಡಿದ್ದಳು. “ಬೂಟಿನ ಮೊಳೆ ಚುಚ್ಚಿತು,” ಅಂದಳು. ಶುಕ್ರವಾರ ಬಟಾಣಿ ಸದ್ದಿಲ್ಲದೆ ಬೂಟನ್ನು ಸ್ಕೂಲ್ ಬ್ಯಾಗಿಗೆ ತುಂಬಿಕೊಂಡು ಮೂಲೆಯ ಬೂಟ್ ತಾತನ ಅಂಗಡಿಗೆ ಹೋದಳು. ತಾತ ಹೊಲಿದರು, ಅಂಟಿಸಿದರು, ಎರಡೂ ಬೂಟಿನ ಕೆಳಗೆ ದಪ್ಪ ರಬ್ಬರ್ ಬೇರೆ ಹಾಕಿದರು.

“ತಗೋ. ಇನ್ಮೇಲೆ ಬೆಕ್ಕುಗಳು ನಿಮ್ಮಮ್ಮನ ಹತ್ರ ಟ್ಯೂಷನ್ನಿಗೆ ಬರಬೇಕು,” ಅಂದರು.

ಅಮ್ಮನಿಗೆ ಸರ್‌ಪ್ರೈಸ್ ಆಗಲಿ ಅಂತ ಬಟಾಣಿ ಅದನ್ನು ಮತ್ತೆ ಅಮ್ಮನ ಚೀಲದಲ್ಲಿ ಇಟ್ಟಳು. ಸರ್‌ಪ್ರೈಸ್ ಈಗ ಆಯಿತು.

“ನಾಲ್ಕು ಗಂಟೆಗೆ ಡೈರೆಕ್ಟರ್ ಮೇಡಂ ಕೇಳೋಕೆ ಬರ್ತಾರೆ,” ಅಂದ ಹೆಡ್‌ಫೋನ್ ಮಾಮ. “ಬೂಟು ಕೈಕೊಡ್ತು. ಕಂಪ್ಯೂಟರಲ್ಲಿ ರೆಡಿಮೇಡ್ ಹೆಜ್ಜೆ ಇದೆ, ಹಾಕಿಬಿಡ್ಲಾ?”

‘ಟಕಟಕಟಕ’ ಅಂದಿತು ಕಂಪ್ಯೂಟರ್.

“ಇವಳು ಬಸ್ ತಪ್ಪಿಸ್ಕೊಂಡೋಳು,” ಅಂದಳು ಅಮ್ಮ.

‘ಧಬ್ ಧಬ್ ಧಬ್.’

“ಇವಳು ಪಕ್ಕದ ಮನೆಗೆ ಜಗಳಕ್ಕೆ ಹೊರಟೋಳು.”

“ಅಕ್ಕಾ, ಹೆಜ್ಜೆ ಅಂದ್ರೆ ಹೆಜ್ಜೆ. ಯಾರಿಗೆ ಗೊತ್ತಾಗುತ್ತೆ?”

“ಬಿಸಿಲಲ್ಲಿ ಕುದ್ದುಹೋಗಿ ಮಾಡಿದಾಳೆ ಕಣೋ ಆ ಹುಡುಗಿ,” ಅಮ್ಮ ಪರದೆಯ ಮೇಲೆ ನಿಂತುಹೋಗಿದ್ದ ನಟಿಯನ್ನು ತೋರಿಸಿದಳು. “ನಾಲ್ಕು ನಿಮಿಷ ತುಟಿ ಬಿಚ್ಚದೆ ಕಾಲಲ್ಲೇ ಮಾತಾಡಿದಾಳೆ. ಆ ಕಾಲಿಗೆ ಯಾರದೋ ನಾಲಿಗೆ ಅಂಟಿಸ್ಲಾ?”

ಬಟಾಣಿ ಸ್ಟೂಲಿನಿಂದ ಇಳಿದಳು. ಸ್ಟೂಲಿನಿಂದ ಅಮ್ಮನವರೆಗೆ ಹನ್ನೆರಡು ಹೆಜ್ಜೆ. ಅವತ್ತು ಅದು ಹನ್ನೆರಡು ಮೈಲಿ ಇತ್ತು, ಬೇಕಾದರೆ ಅಳೆದು ನೋಡಿ. ಮರಳಿನ ಮೇಲೆ ಒಂದು ಹೆಜ್ಜೆ ಇಟ್ಟಳು, ನಿಂತಳು. ಹಲಗೆಯ ಮೇಲೆ ಇನ್ನೊಂದು ಇಟ್ಟಳು, ನಿಂತಳು. ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

“ಅಮ್ಮಾ... ಬೂಟು ನಾನೇ ರಿಪೇರಿ ಮಾಡಿಸಿದ್ದು. ನಿಂಗೆ ಮೊಳೆ ಚುಚ್ಚಿತ್ತಲ್ಲ, ಅದಕ್ಕೆ.”

ಅಮ್ಮ ಬೂಟು ತೆಗೆದು ತಿರುಗಿಸಿ ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಎಷ್ಟು ಚೆನ್ನಾಗಿ ಮಾಡಿದಾರೆ. ಅದೇ ಕಷ್ಟ.”

“ಬೈಯಲ್ವಾ?”

“ಸಂಜೆಗೆ ಎತ್ತಿಟ್ಟಿದೀನಿ. ಈಗ ಟೈಮಿಲ್ಲ. ನಡಿ, ಆ ತಾತ ಎಲ್ಲಿದಾರೆ ತೋರ್ಸು.”

ಬೂಟ್ ತಾತನಿಗೆ ವಿಷಯ ತಿಳಿದಾಗ ಸುತ್ತಿಗೆ ಕೆಳಗಿಟ್ಟರು.

“ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ ಕೂತು. ಸರಿ ಮಾಡ್ಕೊಡಿ ಅಂತ ಬಂದೋರುಂಟು. ಸರಿ ಮಾಡಿಲ್ಲ ಅಂತ ಜಗಳಕ್ಕೆ ಬಂದೋರುಂಟು. ಹಾಳು ಮಾಡ್ಕೊಡಿ ಅಂತ ಇವತ್ತಿನವರೆಗೂ ಒಬ್ರೂ ಬಂದಿಲ್ಲ. ನನ್ನ ಕೈಲಾಗಲ್ಲಮ್ಮ.”

ಅಮ್ಮ ವಿವರಿಸಿದಳು. ತಾತ ಒಲ್ಲೆ ಅಂತ ತಲೆ ಅಲ್ಲಾಡಿಸಿದರು. ಅಂಗಡಿಯ ಗಡಿಯಾರ ಆಗಲೇ ಎರಡೂವರೆ ತೋರಿಸುತ್ತಿತ್ತು.

“ತಾತಾ,” ಅಂದಳು ಬಟಾಣಿ, “ಅದು ಹಾಳಾಗಿರ್ಲಿಲ್ಲ. ಅದಕ್ಕೆ ಮಾತು ಬರ್ತಿತ್ತು. ನಾವಿಬ್ರೂ ಸೇರಿ ಬಾಯಿ ಹೊಲಿದುಬಿಟ್ವಿ.”

ತಾತ ಕನ್ನಡಕದ ಮೇಲಿಂದ ನೋಡಿದರು. “ಏನಂತ ಮಾತಾಡ್ತಿತ್ತು?”

“ಟಕ್... ಟ-ಟಕ್.”

“ಟಕ್, ಟಕ್ಕ?”

“ಅಯ್ಯೋ, ಅಲ್ಲ ತಾತ. ಟಕ್... ಟ-ಟಕ್.”

ತಾತ ಎದ್ದು ಹೋಗಿ ಅಂಗಡಿಯ ಬಾಗಿಲು ಅರ್ಧ ಎಳೆದರು. ಇಂಥ ಕೆಲಸ ಮಾಡುವುದನ್ನು ಗಿರಾಕಿಗಳು ನೋಡಬಾರದಲ್ಲ. ಎರಡರ ರಬ್ಬರೂ ಸುಲಿದರು. ಎಡಗಾಲಿನದರ ಹೊಲಿಗೆ ಬಿಚ್ಚಿದರು. ಒಂದು ಮೊಳೆ ಕಿತ್ತು ಬೂಟನ್ನು ಹಲಗೆಗೆ ತಟ್ಟಿ, ಡಾಕ್ಟರ್ ಥರ ಕಿವಿ ಇಟ್ಟರು. ಬಟಾಣಿ ಅಲ್ಲ ಅಂತ ಕೈಯಾಡಿಸಿದಳು. ಇನ್ನೊಂದು ಮೊಳೆ ಸಡಿಲ ಮಾಡಿದರು. ಬಟಾಣಿ ಜಿಗಿದಳು. “ಇದೇ!”

ತಾತ ಒಳಗಡೆ ಮೆತ್ತನೆಯ ಚರ್ಮದ ತುಂಡೊಂದನ್ನು ಅಂಟಿಸಿದರು. “ಮಾತಾಡ್ಲಿ, ಆದ್ರೆ ಕಚ್ಚಬಾರ್ದು. ಇದು ನನ್ನ ಕೆಲಸ ಅಂತ ಮಾತ್ರ ಎಲ್ಲೂ ಬಾಯಿ ಬಿಡ್ಬೇಡಿ.”

ಕೋಣೆಗೆ ವಾಪಸ್ ಬಂದಾಗ ಗಂಟೆ ಮೂರೂಕಾಲು. ಅಮ್ಮ ನಡೆದಳು. ‘ಟಕ್... ಟ-ಟಕ್.’

ಹೆಡ್‌ಫೋನ್ ಮಾಮ ತಲೆ ಕೆರೆದುಕೊಂಡ. “ಬೂಟು ಅದೇ ಅಕ್ಕಾ. ಆದ್ರೆ...”

“ಗೊತ್ತು. ಅವಳಲ್ಲ.” ಅಮ್ಮ ಕೂತುಬಿಟ್ಟಳು. “ನನ್ನ ಕಣ್ಣು ಗಡಿಯಾರದ ಮೇಲಿದೆ. ಅವಸರದವಳ ಹೆಜ್ಜೆ ಬೀಳ್ತಿದೆ.” ಬಟಾಣಿಯ ಕಡೆ ತಿರುಗಿದಳು. “ಬಟಾಣಿ, ಆಗಲೇ ಆ ಸ್ಟೂಲಿಂದ ನನ್ನ ಹತ್ರ ಬಂದ್ಯಲ್ಲ, ಇನ್ನೊಂದ್ಸಲ ಬಾ ನೋಡೋಣ.”

“ಯಾಕೆ?”

“ಇಂಜಿನಿಯರಮ್ಮನ ನಡಿಗೆ ನಾನು ಎಲ್ಲಿ ಕಲಿತೆ ಅಂದ್ಕೊಂಡೆ?”

“ಸಿನಿಮಾ ನೋಡಿ?”

“ನಿನ್ನ ನೋಡಿ. ಗಣಿತದಲ್ಲಿ ಹನ್ನೊಂದು ಮಾರ್ಕ್ಸ್ ಬಂದಿತ್ತಲ್ಲ, ಅವತ್ತು. ನೀನು ಕಾರ್ಡ್ ಹಿಡ್ಕೊಂಡು ಬಾಗಿಲಿಂದ ಅಡುಗೆಮನೆಗೆ ಬಂದೆ. ನಾನು ಪಾತ್ರೆ ತೊಳೀತಿದ್ದೆ, ತಿರುಗಿ ನೋಡ್ಲಿಲ್ಲ. ಕಿವಿಯಲ್ಲೇ ಕೇಳ್ದೆ. ನೀನು ಬಲಗಾಲು ಇಡ್ತಿದ್ದೆ. ಎಡಗಾಲು ಇಡೋ ಮುಂಚೆ ಅರ್ಧ ಉಸಿರಿನಷ್ಟು ನಿಲ್ತಿದ್ದೆ. ಆಮೇಲೆ ಇಡ್ತಿದ್ದೆ. ಕಾರ್ಡ್ ಬಚ್ಚಿಡಬಹುದಿತ್ತು. ಬಚ್ಚಿಡ್ಲಿಲ್ಲ.”

“ನಂಗೆ ಸಿಕ್ಕಾಪಟ್ಟೆ ಹೆದರಿಕೆ ಆಗಿತ್ತಮ್ಮ.”

“ಅವಳಿಗೂ,” ಅಂದಳು ಅಮ್ಮ, ಪರದೆಯ ಕಡೆ ನೋಡುತ್ತಾ.

ಬಟಾಣಿ ಸ್ಟೂಲಿನಿಂದ ನಡೆದು ಬಂದಳು. ಅಮ್ಮ ಅವಳ ಪಾದ ಬಿಟ್ಟು ಬೇರೇನೂ ನೋಡಲಿಲ್ಲ. ಆಮೇಲೆ ಎದ್ದು ಕಲ್ಲಿನ ಮೇಲೆ ನಿಂತಳು. ಹೆಡ್‌ಫೋನ್ ಮಾಮ ಬೆರಳು ಎತ್ತಿದ. ನಾಲ್ಕು ನಿಮಿಷ ಯಾರೂ ಉಸಿರಾಡಲಿಲ್ಲ. ಮಾಮನಂತೂ ಐದು ನಿಮಿಷ ಉಸಿರಾಡಲಿಲ್ಲ, ಬೆನ್ನಿಗೆ ಗುದ್ದಬೇಕಾಯಿತು.

ಸಿನಿಮಾ ಬಂದದ್ದು ಮೂರು ತಿಂಗಳ ಮೇಲೆ. ಭಾನುವಾರದ ಮಧ್ಯಾಹ್ನದ ಆಟ. ಬಟಾಣಿಯ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಲಾಯರ್, ಅವಳಾಚೆ ಅವಳ ಅಣ್ಣ. ಬಟಾಣಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಶನಿವಾರವೇ ಅಮ್ಮನಿಗೆ ತೋರಿಸಬೇಕಿದ್ದ ಗಣಿತದ ಪೇಪರ್ ಅದು. ಈ ಸಲ ಒಂಬತ್ತು.

ಕೊನೆಯ ಸೀನ್ ಬಂತು. ಇಂಜಿನಿಯರಮ್ಮ ಸೇತುವೆಯ ಮೇಲೆ ಕಾಲಿಟ್ಟಳು.

ಟಕ್... ಟ-ಟಕ್.

ಇಡೀ ಥಿಯೇಟರ್ ಪಾಪ್‌ಕಾರ್ನ್ ಅಗಿಯುವುದನ್ನು ನಿಲ್ಲಿಸಿತು. ಮುಂದಿನ ಸಾಲಿನಲ್ಲಿ ಬೂಟ್ ತಾತ ಕಣ್ಣು ಮುಚ್ಚಿ ಕೂತಿದ್ದರು. ಅವರ ಬೆರಳು ಕುರ್ಚಿಯ ಕೈ ಮೇಲೆ ತಟ್ಟುತ್ತಿತ್ತು, ಎಡಗಾಲಿಗೆ ಮಾತ್ರ. ಲಾಯರ್ ಬಟಾಣಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾರುಗಳು ಬಂದವು. ಇಂಜಿನಿಯರಮ್ಮ ನಿಂತಳು. ಕಾರುಗಳೂ ನಿಂತವು.

ದೀಪ ಹತ್ತಿತು. ಅಮ್ಮ ಚೀಲ ತೆಗೆದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ಲಾಯರ್ ಕಣ್ಣೊರೆಸಿಕೊಂಡಳು.

“ಎಂಥಾ ಆ್ಯಕ್ಟಿಂಗ್! ಒಂಚೂರೂ ಹೆದರ್ಲಿಲ್ಲ ಅಲ್ವಾ?”

“ಹೆದರಿದ್ಲು ಕಣೇ.”

“ಸಾಕ್ಷಿ?”

“ಇದೆ. ಎಡಗಾಲು ಇಡೋ ಮುಂಚೆ ಅರ್ಧ ಉಸಿರಿನಷ್ಟು ನಿಲ್ತಾಳೆ, ಕೇಳಿಸ್ಕೊಂಡ್ಯಾ? ಅದು ನಮ್ಮಮ್ಮ. ಆದ್ರೆ ನಮ್ಮಮ್ಮ ಅದನ್ನ ಕಲಿತಿದ್ದು ಯಾರಿಂದ ಗೊತ್ತಾ? ಯಾರಿಗೂ ಹೇಳ್ಬೇಡ, ಅವತ್ತು ಗಣಿತದಲ್ಲಿ ಹನ್ನೊಂದು ಬಂದಾಗ ನಾನು—”

ಲಾಯರ್ ಅಲ್ಲಿರಲಿಲ್ಲ. ಅವಳ ಅಣ್ಣ ಐಸ್‌ಕ್ರೀಮ್ ಅಂತ ಕೂಗಿದ್ದೇ ತಡ, ಮೆಟ್ಟಿಲು ಇಳಿದುಬಿಟ್ಟಿದ್ದಳು.

ಬಟಾಣಿ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಕೂಗಿ ಕರೆಯೋಣ ಅನ್ನಿಸಲಿಲ್ಲ.

ಸಾಲಿನ ತುದಿಯಿಂದ ಬಾಗಿಲವರೆಗೆ ಖಾಲಿ ನೆಲ. ಅಲ್ಲಿ ಅಮ್ಮ ಬೆನ್ನು ಹಾಕಿ ನಿಂತಿದ್ದಳು. ಬಟಾಣಿ ಜೇಬಿನಿಂದ ಕಾಗದ ತೆಗೆದು ಮಡಿಕೆ ಬಿಚ್ಚಿದಳು. ಬಲಗಾಲು ಇಟ್ಟಳು. ನಿಂತಳು. ಎಡಗಾಲು ಇಟ್ಟಳು.

ಅಮ್ಮ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಈ ಕಡೆಗೇ ಇತ್ತು.