ಗುಂಡಿಯ ನಡುವಿನ ದಿಬ್ಬ

"ಇದರಾಗ ದಿಬ್ಬ ಎಲ್ಲೈತಿ?" ಎಂದು ಎಂಜಿನಿಯರ್ ಕೇಳಿದಾಗ ಮಲ್ಲಿಕಾ ಕೆರೆಯಂಗಳದಲ್ಲಿ ತನ್ನ ಮನೆಯ ಪಾಲಿನ ಗುಂಡಿಯೊಳಗೆ ಬಗ್ಗಿ ನೋಡಿದಳು. ತಳ ಹಲಗೆಯಂತೆ ನುಣ್ಣಗಿತ್ತು.

ಲಾಕ್‌ಡೌನಿನ ಆ ಬೇಸಿಗೆ ಕಲಘಟಗಿಯ ಬಸ್ಸು ನಿಂತು, ಕೂಲಿಯೂ ನಿಂತಾಗ, ಪಂಚಾಯ್ತಿ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ತೆಗೆಸತೊಡಗಿತ್ತು. ಮೈ ತಾಕದಂತೆ ದೂರ ದೂರಕ್ಕೆ ಮನೆಗೊಂದು ಗುಂಡಿ. ಪ್ರತಿ ಗುಂಡಿಯ ನಡುವೆ ಮುಟ್ಟದೆ ಬಿಟ್ಟ ಮಣ್ಣಿನ ದಿಬ್ಬ. ಅದರ ಎತ್ತರ ಅಳೆದೇ ಎಷ್ಟು ತೋಡಿದ್ದಾರೆಂದು ಬರೆಯುವುದು. ಹಾಜರಿ ಹಿಡಿದು ಎಲ್ಲರನ್ನೂ ನಡೆಸುವ ಕಾಯಕ ಬಂಧು ಮಲ್ಲಿಕಾ. ಹೆಣ್ಣುಮಗಳಿಗೆ ನೀಗದು ಎಂದವರೆದುರು ಹಟ ಹಿಡಿದು ಪಡೆದ ಕೆಲಸ.

"ಕಡಿಮಿ ತೋಡಿ ಮುಚ್ಚಿಟ್ಟಾಳ" ಎಂದು ಯಾರೋ ಮಾಸ್ಕಿನೊಳಗೇ ಅಂದರು.

ಬಾಜೂ ಗುಂಡಿಯಿಂದ ಮಾಂತೇಶ ಮೇಲೆ ಬಂದ. ತೊಟ್ಟಿಲಿಗೆ ಬಣ್ಣ ಬರೆಯುವವನು. ಕೊಳ್ಳುವವರಿಲ್ಲದೆ ಮೊನ್ನೆಯಷ್ಟೇ ಸಲಿಕೆ ಹಿಡಿದಿದ್ದ.

"ನಾ ಕೆತ್ತಿ ಹಾಕೇನ್ರಿ ಸಾಹೇಬ್ರ. ಇವರು ಊಟಕ್ಕ ಹೋದಾಗ. ಕೆಲಸಾ ಉಳದೈತಿ ಅಂತ ತಿಳದೆ."

"ದಿಬ್ಬ ಮುಟ್ಟಬ್ಯಾಡ್ರಿ ಅಂತ ನಾ ಹೇಳಿದ್ದಿಲ್ಲೇನು?" ಮಲ್ಲಿಕಾ ಕೇಳಿದಳು.

"ಹೇಳಿದ್ರಿ. ನಾ ಕೇಳ್ಲಿಲ್ಲ." ಅವನು ತಲೆ ತಗ್ಗಿಸಲಿಲ್ಲ. "ಮಾಸ್ಕಿನ ಮ್ಯಾಲ ಬರೇ ಕಣ್ಣ ಕಾಣತಾವು. ಅವನ್ನ ನೋಡಕೋತ ನಿಂತಿದ್ದೆ."

ಹೆಂಗಸರು ಸೆರಗಿನೊಳಗೆ ನಕ್ಕರು. "ಅಯ್ಯ, ಬಾಯಿ ಕಟ್ಟಿದ್ರೂ ಈಂವನ ಮಾತ ನಿಲ್ಲವಲ್ವು!" ಎಂದಳು ಮಲ್ಲಿಕಾಳ ತಾಯಿ ರೇಣುಕವ್ವ.

ಮಲ್ಲಿಕಾ ನಗಲಿಲ್ಲ. "ಸಾಹೇಬ್ರ, ಈ ಗುಂಡಿ ಬರೀಬ್ಯಾಡ್ರಿ. ಬಾಜೂಕ ಹೊಸಾದು ತೋಡ್ತೀವಿ. ಮುಂದಿನ ವಾರ ಬಂದು ಅಳೀರಿ."

ಮರುದಿನ ನಸುಕಿನಲ್ಲಿ ಅವಳು ಬರುವಷ್ಟರಲ್ಲಿ ಮಾಂತೇಶ ಹೊಸ ಗುಂಡಿಯ ಒಂದು ಮೂಲೆ ತೋಡಿದ್ದ.

"ಕನಿಕರಾ ಏನು?" ಎಂದಳು.

"ಅಲ್ರಿ. ನಿಮ್ಮ ಹೆಸರ ಕೆಡಿಸಿದಾಂವ ನಾನು. ತಿದ್ದಾವನೂ ನಾನ ಆಗಬೇಕಲ್ಲ?"

ಅವಳು ಕಾಲಿನಿಂದ ನಡುವೆ ದಿಬ್ಬಕ್ಕೆಂದು ಒಂದು ದುಂಡು ಗೆರೆ ಎಳೆದಳು. "ಆ ಕಡೆ ನೀವು, ಈ ಕಡೆ ನಾವು. ಇದನ್ನ ಮುಟ್ಟಿದ್ರ ನೋಡ್ರಿ ಮತ್ತ."

"ನೋಡ್ತೇನ್ರಿ" ಎಂದ, ಅವಳ ಕಣ್ಣನ್ನೇ ನೋಡುತ್ತ. ಮಲ್ಲಿಕಾ ಅವಸರದಿಂದ ಬುಟ್ಟಿ ಎತ್ತಿಕೊಂಡಳು. ಮಾಸ್ಕಿನೊಳಗೆ ತುಟಿ ಮಾತ್ರ ಮಾತು ಕೇಳದೆ ಅರಳಿತ್ತು.

ವಾರವಿಡೀ ಅವರು ದಿಬ್ಬದ ಆಚೆ ಈಚೆ ತೋಡಿದರು. ಅವನು ಮಣ್ಣು ತುಂಬಿ ಬುಟ್ಟಿ ಅಂಚಿಗಿಟ್ಟು ಹಿಂದೆ ಸರಿಯುತ್ತಿದ್ದ. ಅವಳು ಬಂದು ಎತ್ತುತ್ತಿದ್ದಳು. ದಿಬ್ಬ ಮಾತ್ರ ದಿನದಿನಕ್ಕೆ ಎತ್ತರವಾಯಿತು.

ಅಳತೆಯ ದಿನ ಎಂಜಿನಿಯರ್ ಗುಂಡಿಗಿಳಿದವರು ನಕ್ಕೇಬಿಟ್ಟರು. ತೊಟ್ಟಿಲಿಗೆಂದಿಟ್ಟ ಕೆಂಪು, ಹಳದಿ ಬಣ್ಣದಲ್ಲಿ ದಿಬ್ಬದ ಸುತ್ತ ಒಂದು ಬಳ್ಳಿ ಹಬ್ಬಿತ್ತು. ಅಳೆದರು. ಎಲ್ಲರ ಗುಂಡಿಗಿಂತ ಆಳ.

"ಇಂಥಾ ಕಾಯಕ ಬಂಧು ಇದ್ರ ನನಗೇನ್ ಕೆಲಸಾ?" ಎಂದರು. ಅಂದು ಗೊಣಗಿದವರು ಕೆಮ್ಮಿ ತಮ್ಮ ಬುಟ್ಟಿ ಎತ್ತಿಕೊಂಡರು.

ಜನ ಕೆರೆಯ ಏರಿ ಹತ್ತಿ ಹೋದಮೇಲೆ ಮಲ್ಲಿಕಾ ದೂರ ನಿಂತೇ ಮಾಸ್ಕ್ ಬಿಚ್ಚಿದಳು. ಅವನು ಅವಳ ಮುಖ ಪೂರ್ತಿ ನೋಡಿದ್ದು ಆಗಲೇ.

"ಕೂಸಿಗೆ ತೊಟ್ಟಿಲಾ ತವರಿನವರು ಕೊಡೂದು ಪದ್ಧತಿ, ಹೌದಲ್ಲ?" ಎಂದು ಕೇಳಿದಳು.

"ಹೌದ್ರಿ."

"ಹಂಗಾರ ನಮ್ಮವ್ವ ತೊಟ್ಟಿಲಕ್ಕ ಬಣ್ಣಾ ಅಳಿಯನ ಕಡಿಂದನ ಬರಸಬೇಕಾಗ್ತೈತಿ. ತಡಾ ಮಾಡಬಾರದು ನೀ."

ಮಾಂತೇಶನ ಕೈಯ ಸಲಿಕೆ ಕೆಳಗೆ ಬಿತ್ತು. "ಈ ಸಲ ಲಕ್ಷ್ಯಗೊಟ್ಟ ಕೇಳೇನಿ" ಎಂದ. "ಆದ್ರೂ ಇನ್ನೊಮ್ಮಿ ಹೇಳು."

"ಹೇಳಾಂಗಿಲ್ಲ." ಅವಳು ಬುಟ್ಟಿ ಸೊಂಟಕ್ಕಿಟ್ಟು ಏರಿ ಹತ್ತಿದಳು. "ಮನಿಗೆ ಬಾ. ಅವ್ವನ ಮುಂದ ನೀನ ಹೇಳು."