ಮೊದಲ ಹಿಡಿ ಬೀಜ

"ಮಂಡಿ ನೋವು ಅಂತ ಹೇಳಿದ್ನಲ್ಲ! ಇವತ್ತೂ ನಾನು ಹೊಲಕ್ಕೆ ಇಳಿಯಲ್ಲ!"

ರಾತ್ರಿಯ ಮಳೆಗೆ ನೆಲ ಒಳ್ಳೆಯ ಹದಕ್ಕೆ ಬಂದಿತ್ತು. ಬೀಜದ ಬುಟ್ಟಿ ಹಿಡಿದು ಬಾಗಿಲಲ್ಲಿ ಕುಕ್ಕರಿಸಿದ್ದ ಸವತಿ ಅಪೊಂಡಿಯ ಕಡೆ ತಿರುಗಿಯೂ ನೋಡದೆ ಅಕೇಚ್ ಒಲೆಯ ಬೂದಿ ಕೆದಕುತ್ತಿದ್ದಳು. ಸರೋವರದ ಸೀಮೆಯ ಆ ಮನೆಗಳಲ್ಲಿ ಹಿರಿಯ ಹೆಂಡತಿ ತನ್ನ ಹೊಲಕ್ಕೆ ಮೊದಲ ಹಿಡಿ ಬೀಜ ಹಾಕುವ ತನಕ ಕಿರಿಯಳು ಒಂದು ಕಾಳನ್ನೂ ಮಣ್ಣಿಗೆ ಬಿಡುವಂತಿಲ್ಲ. ಮೀರಿದರೆ ಮಕ್ಕಳು ಸವೆದು ಸಾಯುತ್ತವೆ ಎಂಬ ಭಯ. ಎರಡು ಕೂಸುಗಳ ತಾಯಿ ಅಪೊಂಡಿ ಹೇಗೆ ತಾನೇ ಮೀರಿಯಾಳು?

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ... ಒಂದೇ ಒಂದು ಹಿಡಿ ಹಾಕು, ಉಳಿದಿದ್ದು ನಾನೇ ಬಿತ್ತಿಕೊಡ್ತೀನಿ. ಹದ ಆರಿಹೋಗ್ತಿದೆ!"

"ಎತ್ತು ಮೊದಲು ಇಳಿದಿದ್ದು ಯಾರ ಹೊಲಕ್ಕಮ್ಮಾ? ಉಳೋಕೆ ನೀನು ಮೊದಲು, ಬಿತ್ತೋಕೆ ಮಾತ್ರ ಈ ಮುದುಕಿ ಬೇಕೋ?"

ಅಸಲು ನೋವು ಅದು! ಗಂಡ ಒಬುರಾ ಅಂಗಳದಿಂದಲೇ ಗದರಿದ. "ಹೊಳೆ ದಂಡೆಯ ಅವಳ ಹೊಲದ ಮಣ್ಣು ಗಟ್ಟಿ ಕಣೇ, ಅದಕ್ಕೇ ಅಲ್ಲಿ ಮೊದಲು ಹೂಡಿದೆ. ಇಷ್ಟಕ್ಕೇ ಹಟನಾ?"

"ನನ್ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಒಬುರಾ ಕೇಳಬೇಕಿತ್ತು, ಕೇಳಿರಲಿಲ್ಲ.

ಅಕೇಚಳ ಸಿಟ್ಟು ಇಳಿಯುವಷ್ಟರಲ್ಲಿ ಮೋಡವೂ ಚದುರಿತ್ತು. ಕೊನೆಗೆ ಅವಳು ಬಿತ್ತಿದಳು, ಹಿಂದೆಯೇ ಅಪೊಂಡಿ ಬಿತ್ತಿದಳು. ಮೆಕ್ಕೆಜೋಳ ಮೊಣಕಾಲೆತ್ತರ ಬಂದು, ಹೂ ಬಿಡುವ ಹೊತ್ತಿಗೆ ಸುರುಟಿ ನಿಂತಿತು. ಎರಡು ಹೊಲದಲ್ಲೂ ತೆನೆ ಸುಲಿದರೆ ಬರೀ ಬೆಂಡು! ಅಪೊಂಡಿಯ ಮಗಳು ಅಡೆರೊ ಹುಟ್ಟಿದಾಗಿನಿಂದ ಮಲಗುತ್ತಿದ್ದುದು ಅಕೇಚಳ ಪಕ್ಕದಲ್ಲೇ. "ದೊಡ್ಡವ್ವಾ, ಮುದ್ದೆ ಯಾವಾಗ ಮಾಡ್ತೀಯಾ?" ಎಂದು ಆ ಮಗು ಅಕೇಚಳ ಸೆರಗು ಜಗ್ಗಿತು. ಅಯ್ಯೋ, ಯಾರ ಮೇಲಿನ ಸಿಟ್ಟು ಯಾರ ಹೊಟ್ಟೆಗೆ ಬಡಿಯಿತು...! ವಾರದೊಳಗೆ ಅಪೊಂಡಿ ಮಕ್ಕಳನ್ನು ಕಟ್ಟಿಕೊಂಡು ಮೀನು ಒಣಗಿಸುವ ಕೂಲಿಗೆ ಸರೋವರದ ದಂಡೆಗೆ ಹೊರಟುಹೋದಳು.

ಮುಂದಿನ ಮಳೆಗಾಲದ ಗುಡುಗು ಕೇಳಿದ ಕೂಡಲೇ ಅಕೇಚ್ ಆ ಮಂಡಿನೋವಿನಲ್ಲೇ ಸರೋವರದ ದಂಡೆಯವರೆಗೂ ನಡೆದಳು. ಈ ಸಲ ಮಂಡಿ ನಿಜಕ್ಕೂ ನೋಯುತ್ತಿತ್ತು.

"ಬಾರೇ ತಂಗೀ. ಮೊದಲ ಮಳೆಗೇ ಬಿತ್ತುತ್ತೀನಿ. ಎತ್ತು ಯಾರ ಹೊಲಕ್ಕಾದ್ರೂ ಮೊದಲು ಇಳೀಲಿ, ತಪ್ಪಾಯ್ತು ನಂದು..."

ಅಪೊಂಡಿ ಬಲೆಯ ಮೇಲಿನ ಮೀನು ಮಗುಚುತ್ತಲೇ ಇದ್ದಳು. "ನಿನ್ನ ಮೇಲೆ ಸಿಟ್ಟಿಲ್ಲ ಅಕ್ಕಾ. ಆದ್ರೆ ಇಲ್ಲಿ ಬಿಸಿಲು ಬಂದ್ರೆ ಮೀನು ಹರಡ್ತೀನಿ, ಸಂಜೆಗೆ ಮಕ್ಕಳಿಗೆ ಊಟ ಹಾಕ್ತೀನಿ. ಮೊದಲು ಯಾರು, ಆಮೇಲೆ ಯಾರು ಅಂತ ಕಾಯೋದೇ ಇಲ್ಲ."

ಅಡೆರೊ ಓಡಿಬಂದು ದೊಡ್ಡವ್ವನ ಕಾಲು ತಬ್ಬಿದಳು. ಮಗುವಿನ ಕೆನ್ನೆ ತುಂಬಿಕೊಂಡಿತ್ತು. ಅದನ್ನು ಕಂಡ ಮೇಲೆ 'ಬಾ' ಎಂದು ಮತ್ತೊಮ್ಮೆ ಕರೆಯದೆ ಅಕೇಚ್ ಒಬ್ಬಳೇ ಮನೆಗೆ ಮರಳಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಮಳೆ ಬಿತ್ತು. ಬೆಳಕು ಹರಿಯುವ ಮೊದಲೇ ಅಕೇಚ್ ಹೊಲಕ್ಕಿಳಿದು ಮೊದಲ ಹಿಡಿ ಬೀಜ ಹಾಕಿದಳು. ಅಭ್ಯಾಸಬಲದಿಂದ ಹೊಳೆ ದಂಡೆಯ ಕಡೆ ತಿರುಗಿ, "ಆಯ್ತು ಕಣೇ, ಇನ್ನು ನೀನು ಬಿತ್ತು!" ಎಂದು ಕೂಗಿಬಿಟ್ಟಳು.

ಆ ಹೊಲದಲ್ಲಿ ಹುಲ್ಲು ಬೆಳೆದಿತ್ತು. ಅವಳು ಸ್ವಲ್ಪ ಹೊತ್ತು ಕಾದು, ಬಗ್ಗಿ ಎರಡನೆಯ ಹಿಡಿಯನ್ನೂ ತಾನೇ ಹಾಕಿದಳು.